ಇಂಪ್ಲಾಂಟ್‌ಗೆ ಮೊದಲು ಎಲುಬು ಬೆಳೆಸೋದು: ಜಿಬಿಆರ್ ಟಿಪ್ಪಣಿ

ಹುಬ್ಬಳ್ಳಿ-ಧಾರವಾಡದಲ್ಲಿ ಡೆಂಟಲ್ ಓದುತ್ತಿರುವ ಗೆಳೆಯರಿಗೆ, ವೈವಾಗೆ ಓದುವಾಗ ಬರೆದುಕೊಂಡಿದ್ದು. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬದಲು ದವಡೆ ಎಲುಬಿಗೆ ಕೂರಿಸುವ ಕೃತಕ ಬೇರು; ಅದಕ್ಕೆ ಸಾಲದ ಎಲುಬನ್ನು ಮೆಂಬ್ರೇನ್ ಹೊದಿಸಿ ಬೆಳೆಸೋದೇ ಜಿಬಿಆರ್ (ಗೈಡೆಡ್ ಬೋನ್ ರಿಜನರೇಶನ್). ಜಿಬಿಆರ್ ಅಂದ ಕೂಡಲೇ ಎಲ್ಲರೂ ಗ್ರಾಫ್ಟ್‌ಗಳ (ಎಲುಬಿನ ಜಾಗಕ್ಕೆ ತುಂಬುವ ವಸ್ತುಗಳ) ಪಟ್ಟಿ ಬಾಯಿಪಾಠ ಮಾಡುತ್ತಾರೆ. ಮೊದಲು ಮೆಂಬ್ರೇನ್, ಅಂದ್ರೆ ಆ ಜಾಗಕ್ಕೆ ಹೊದಿಸುವ ತೆಳು ಪೊರೆ, ಯಾಕೆ ಬೇಕು ಅನ್ನೋದು ತಿಳ್ಕೊಳ್ಳಿ, ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

ಹಲ್ಲು ತೆಗೆದ ಜಾಗದ ಎಲುಬು ಕರಗುತ್ತದೆ, ಕೆನ್ನೆಯ ಕಡೆ ಜಾಸ್ತಿ. 2003ರ ಶ್ರಾಪ್ ತಂಡದ ಅಧ್ಯಯನದಲ್ಲಿ 12 ತಿಂಗಳಿಗೆ ಅಗಲ ಸುಮಾರು ಅರ್ಧಕ್ಕಿಳಿದಿತ್ತು, ಅದರಲ್ಲೂ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ. ಗದಗ, ಹಾವೇರಿ ಕಡೆಯಿಂದ ಹಲ್ಲು ತೆಗೆಸಿ ವರ್ಷಗಳಾದ ಮೇಲೆ ಇಂಪ್ಲಾಂಟ್ ಕೇಳಿಕೊಂಡು ಬಂದವರ ಸಿಬಿಸಿಟಿ (ದವಡೆಯ 3ಡಿ ಎಕ್ಸ್‌ರೇ) ನೋಡಿದರೆ ಎಲುಬು ತೆಳ್ಳಗಾಗಿರುತ್ತದೆ. 4 ಮಿಮೀ ದಪ್ಪದ ಇಂಪ್ಲಾಂಟ್‌ಗೆ ಎರಡೂ ಬದಿಗೆ ಕನಿಷ್ಠ 1 ಮಿಮೀ ಎಲುಬು ಅಂತ ಹಿಡಿದರೂ 6 ಮಿಮೀ ಅಗಲ ಬೇಕಲ್ವಾ?

ಈಗ ಮೆಂಬ್ರೇನ್. ವಸಡಿನ ಕೋಶಗಳು ಬೇಗ ಬೆಳೆಯುತ್ತವೆ, ಎಲುಬು ಕಟ್ಟುವ ಕೋಶಗಳು ನಿಧಾನ. ಸುಮ್ನೆ ಬಿಟ್ಟರೆ ಹೊಲದಲ್ಲಿ ಜೋಳಕ್ಕಿಂತ ಮೊದಲು ಕರಿಕೆ ಹಬ್ಬಿದ ಹಾಗೆ ವಸಡೇ ಜಾಗ ಹಿಡಿಯುತ್ತದೆ. 1988ರಲ್ಲಿ ಡಾಲಿನ್ ಮತ್ತು ಸಂಗಡಿಗರು ಇಲಿಗಳ ಕೆಳದವಡೆಯ ಎರಡೂ ಬದಿಗೆ ತೂತು ಮಾಡಿ, ಒಂದು ಬದಿಗೆ ಮಾತ್ರ ಟೆಫ್ಲಾನ್ ಮೆಂಬ್ರೇನ್ ಹಾಕಿದರು. ಮೆಂಬ್ರೇನ್ ಇದ್ದ ಕಡೆ 6 ವಾರದಲ್ಲಿ ಎಲುಬು ತುಂಬಿತು, ಇನ್ನೊಂದು ಕಡೆ ಬಹುತೇಕ ಹಾಗೇ ಉಳಿಯಿತು. ಗ್ರಾಫ್ಟ್ ಏನೂ ಇರಲಿಲ್ಲ, ನೆನಪಿಡಿ.

2006ರಲ್ಲಿ ವಾಂಗ್ ಮತ್ತು ಬೊಯಪತಿ ಕೊಟ್ಟ ಪಾಸ್ ಸೂತ್ರದಲ್ಲಿ ನಾಲ್ಕು ಮಾತಿವೆ: ಗಾಯ ಪೂರ್ತಿ ಮುಚ್ಚಬೇಕು, ರಕ್ತನಾಳ ಬರಬೇಕು, ಜಾಗ ಕುಸಿಯಬಾರದು, ಒಳಗಿನದು ಅಲುಗಾಡಬಾರದು. ರಕ್ತಕ್ಕಾಗಿ ಎಲುಬಿನ ಗಟ್ಟಿ ಪದರಕ್ಕೆ ಸಣ್ಣ ತೂತು ಹಾಕುತ್ತಾರೆ. ಜಾಗಕ್ಕೆ ಗ್ರಾಫ್ಟ್, ಕೆಲವೊಮ್ಮೆ ಟೈಟಾನಿಯಂ ಮೆಶ್. ಆದರೆ ನನ್ನ ಲೆಕ್ಕದಲ್ಲಿ ಮೊದಲನೆಯದೇ ದೊಡ್ಡದು, ಯಾಕಂದ್ರೆ ಫ್ಲಾಪ್ (ಎಲುಬಿನಿಂದ ಬಿಡಿಸಿ ಎತ್ತಿದ ವಸಡು) ಬಿಗಿಯಾಗಿ ಎಳೆದು ಹೊಲಿದರೆ ಹೊಲಿಗೆ ಬಿಚ್ಚಿ, ಮೆಂಬ್ರೇನ್ ಬಯಲಾಗಿ, ಸೋಂಕು ಸೇರಿ ಒಳಗೆ ಹಾಕಿದ್ದೆಲ್ಲ ವ್ಯರ್ಥವಾಗಬಹುದು. ಅದಕ್ಕೇ ಪೆರಿಯಾಸ್ಟಿಯಂ (ಎಲುಬಿಗೆ ಅಂಟಿಕೊಂಡಿದ್ದ, ಫ್ಲಾಪ್‌ನ ಒಳಮೈಯ ಪೊರೆ) ಕೊಯ್ದು ಫ್ಲಾಪ್ ಸಡಿಲ ಮಾಡುವುದನ್ನು ಚೆನ್ನಾಗಿ ನೋಡಿ ಕಲಿಯಿರಿ. ತಂಬಾಕು ಚಟ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಎರಡೂ ಗಾಯ ಮಾಯುವುದನ್ನು ಕೆಡಿಸುತ್ತವೆ. ಗುಟ್ಕಾ ಬಗ್ಗೆ ನೇರವಾಗಿ ಕೇಳಿ.

ಇನ್ನೊಂದು. ಗ್ರಾಫ್ಟ್ ಕಣಗಳು ಎಷ್ಟೋ ಸಲ ದನದ ಎಲುಬಿನವು, ಕೊಲಾಜೆನ್ ಮೆಂಬ್ರೇನ್ ಹಂದಿ ಅಥವಾ ದನದ್ದು. ನಮ್ಮ ಕಡೆ ಮಾಂಸ ಮುಟ್ಟದ ಮನೆಗಳು ಬಹಳ, ಹಂದಿ ಬೇಡ ಅನ್ನುವವರೂ ಇದ್ದಾರೆ. ಸಹಿ ಹಾಕಿಸುವ ಮುಂಚೆ ಇದನ್ನು ಬಿಡಿಸಿ ಹೇಳಲೇಬೇಕು. ಬೇಡ ಅಂದರೆ ಬೀಟಾ-ಟಿಸಿಪಿಯಂಥ (ಒಂದು ಕ್ಯಾಲ್ಸಿಯಂ ಫಾಸ್ಫೇಟ್) ಕೃತಕ ಗ್ರಾಫ್ಟ್, ಪಿಟಿಎಫ್‌ಇ (ಟೆಫ್ಲಾನ್) ಮೆಂಬ್ರೇನ್ ಇವೆ, ಅವರದೇ ದವಡೆಯ ಎಲುಬೂ ಇದೆ.