ಪೇಜ್ ಯಾರ ಹೆಸರಲ್ಲಿದೆ?

ಮೀಮ್ ಪೇಜ್ ನಡೆಸುವ ಹುಡುಗರು ಕಂಪನಿ ಮಾಡಬೇಕು ಅಂತ ನಮ್ಮ ಆಡಿಟ್ ಆಫೀಸಿಗೆ ಬಂದಾಗ ಫಾಲೋವರ್ಸ್ ಲೆಕ್ಕ ತೋರಿಸುತ್ತಾರೆ. ನಾನು ಕೇಳುವುದು ಬೇರೆ: ಪೇಜ್ ಯಾರ ಮೊಬೈಲ್ ನಂಬರಿಗೆ ಜೋಡಿಸಿದೆ? ಹೆಚ್ಚಾಗಿ ಅದು ಮೊದಲು ಪೇಜ್ ತೆರೆದವನ ಸ್ವಂತ ನಂಬರ್. ಪ್ರಮೋಷನ್ ದುಡ್ಡು ಇನ್ನೊಬ್ಬನ ಸೇವಿಂಗ್ಸ್ ಖಾತೆಗೆ ಬರುತ್ತಿರುತ್ತದೆ. ನಗಿಸುವ ಸಾಲು ಬರೆಯುವವನು ಮೂರನೆಯವನು. ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಇಡೀ ವ್ಯವಹಾರ ನಿಂತಿರುವುದೇ ಆ ಮೂರನೆಯವನ ಮೇಲೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮಂಡ್ಯದ ಮಾತು, ಹುಬ್ಬಳ್ಳಿಯ ಮಾತು, ಕುಂದಾಪುರದ ಮಾತು ಎಲ್ಲವೂ ಮೊಬೈಲಿನಲ್ಲಿ ಜಾಗ ಕಂಡುಕೊಂಡವು. ‘ಈ ಸಲ ಕಪ್ ನಮ್ದೇ’ ಅನ್ನುವ ಮಾತನ್ನು ಸೋತಾಗ ಹೇಗೆ ಹೇಳಬೇಕು, 2025ರಲ್ಲಿ ಆರ್‌ಸಿಬಿ ಗೆದ್ದಾಗ ಹೇಗೆ ಹೇಳಬೇಕು ಅನ್ನುವುದು ಇಲ್ಲಿಯವರಿಗೇ ಗೊತ್ತು. ಹೊರಗಿನ ಜಾಹೀರಾತು ಏಜೆನ್ಸಿಗಳು ದುಡ್ಡು ಕೊಡುವುದು ಊರಿನ ಮಾತಿನ ಧಾಟಿ ಹಿಡಿಯುವ ಈ ಕಿವಿಗೆ. ಅದಕ್ಕೇ ಹೇಳುತ್ತೇನೆ, ಬರೆಯುವವನಿಗೆ ಸಂಬಳದ ಜೊತೆ ಷೇರೂ ಕೊಡಿ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು ಬೇಕೇ ಬೇಕು. ಆ ಎರಡನೇ ಜಾಗಕ್ಕೆ ಸಹಿ ಹಾಕಲು ಮನೆಯವರನ್ನು ಕರೆತರುವ ಬದಲು ಅವನನ್ನೇ ಕೂರಿಸಬಹುದು ಅಲ್ವಾ?

ಇದು ಬರೀ ನ್ಯಾಯದ ಮಾತಲ್ಲ, ಕಾನೂನೂ ಹಾಗೇ ಇದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರ ಕೆಲಸದ ಭಾಗವಾಗಿ ಬರೆದದ್ದು ಕಂಪನಿಗೆ ಸೇರುತ್ತದೆ. ಆದರೆ ಪೀಸ್ ಲೆಕ್ಕದಲ್ಲಿ ಸ್ಕ್ರಿಪ್ಟ್ ಬರೆದುಕೊಡುವವನು ನೌಕರನಲ್ಲ. ಅವನು ಲಿಖಿತವಾಗಿ ಹಕ್ಕು ವರ್ಗಾಯಿಸದಿದ್ದರೆ ಅದು ಅವನದೇ. ವರ್ಗಾಯಿಸಿದರೂ ಅವಧಿ ನಮೂದಿಸದಿದ್ದರೆ ಐದೇ ವರ್ಷ. ನೀವು ಕಟ್ಟಿ ಬೆಳೆಸಿದ ಪಾತ್ರ ಆರನೇ ವರ್ಷ ಇನ್ನೊಂದು ಚಾನೆಲ್‌ನಲ್ಲಿ ಕಾಣಿಸಿಕೊಂಡರೆ ಆಗ ಜಗಳ ಮಾಡಿ ಪ್ರಯೋಜನವಿಲ್ಲ.

ಸಿನಿಮಾ ಸ್ಟಿಲ್‌ಗಳ ವಿಷಯದಲ್ಲೂ ಹುಷಾರಾಗಿರಬೇಕು. ಸುಮ್ನೆ ನಗಿಸಲು ಹಾಕುವುದು ಬೇರೆ, ಅದೇ ಮುಖ ಹಾಕಿ ಬಟ್ಟೆ ಅಂಗಡಿಯ ಪ್ರಮೋಷನ್ ಮಾಡುವುದು ಬೇರೆ. ನಟ ಅನಿಲ್ ಕಪೂರ್ ಅವರ ಹೆಸರು, ಮುಖ, ಧ್ವನಿಯನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ 2023ರಲ್ಲಿ ತಡೆ ಕೊಟ್ಟಿದೆ. ದುಡ್ಡು ಪಡೆದ ಪೋಸ್ಟ್‌ಗೆ ನಿಮ್ಮದೇ ಹುಡುಗರ ಮುಖ ಬಳಸಿ. ಪೇಜಿಗೆ ಸ್ವಂತ ಗುರುತು ಬರುವುದೂ ಹಾಗೇ.

ತೆರಿಗೆಯದ್ದು ಚಿಕ್ಕದಾಗಿ ಹೇಳುತ್ತೇನೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಜಾಹೀರಾತಿಗೆ ದರ ಶೇ. 18. ರಿವ್ಯೂಗೆ ಅಂತ ಬಂದ ಫೋನನ್ನು ವಾಪಸ್ ಕೊಡದೆ ಇಟ್ಟುಕೊಂಡರೆ ಅದೂ ಆದಾಯವೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಬೆಟ್ಟಿಂಗ್ ಆ್ಯಪ್‌ಗಳ ಬಗ್ಗೆ. ಐಪಿಎಲ್ ಬಂತೆಂದರೆ ಚಿಕ್ಕ ಪೇಜ್‌ಗಳಿಗೂ ಅವರ ಮೆಸೇಜ್ ಬರುತ್ತಿತ್ತು. ಬೇರೆ ಯಾರೂ ಕೊಡದಷ್ಟು ದುಡ್ಡು ಕೊಡುತ್ತಿದ್ದರು. ಆ ಪೋಸ್ಟ್ ನೋಡಿ ದುಡ್ಡು ಕಳೆದುಕೊಳ್ಳುವವರು ನಿಮ್ಮ ಜೋಕಿಗೆ ನಗುವ ಕಾಲೇಜು ಹುಡುಗರೇ. ಈಗ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಿದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತು ಮಾಡಿದರೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ‘ನಾವು ಬರೀ ಲಿಂಕ್ ಹಾಕಿದ್ದು ಸಾರ್’ ಅನ್ನುವ ಉತ್ತರವನ್ನು ನಂಬಿ ಕೂರಬೇಡಿ. ಹೊಸದು ಒಪ್ಪಿಕೊಳ್ಳಬೇಡಿ. ಹಳೆಯ ಪೋಸ್ಟ್‌, ಸ್ಟೋರಿ ಹೈಲೈಟ್‌, ಬಯೋದಲ್ಲಿರುವ ಲಿಂಕ್ ಎಲ್ಲವನ್ನೂ ಇವತ್ತೇ ಕೂತು ತೆಗೆದುಹಾಕಿ. ಕಂಪನಿ ನೋಂದಣಿಯ ಕಾಗದಪತ್ರ ಆಮೇಲೆ ನೋಡೋಣ.