ಕೊಂಡರೆ ಕದ್ದಂತೆಯೇ?

ಪತ್ರದ ಒಕ್ಕಣೆ ಹೆಚ್ಚುಕಡಿಮೆ ಒಂದೇ: ನೀವು ನಮ್ಮ ಸಿಗ್ನಲ್ ಕದಿಯುವ ಸಾಧನ ಕೊಂಡಿದ್ದೀರಿ, ಅದನ್ನು ಒಪ್ಪಿಸಿ, ದುಡ್ಡು ಕಟ್ಟಿ, ಇಲ್ಲವಾದರೆ ಕೋರ್ಟಿಗೆ ಬನ್ನಿ. ಕೇಳುತ್ತಿದ್ದ ಮೊತ್ತ ಸಾಮಾನ್ಯವಾಗಿ 3,500 ಡಾಲರ್. ಅಮೆರಿಕದ ಉಪಗ್ರಹ ಟಿವಿ ಕಂಪನಿ ಡೈರೆಕ್‌ಟಿವಿ ಕೆಲವೇ ವರ್ಷಗಳಲ್ಲಿ ಇಂಥ ಪತ್ರಗಳನ್ನು ಲಕ್ಷಕ್ಕೂ ಮೀರಿ ಕಳಿಸಿತು, 20 ಸಾವಿರಕ್ಕೂ ಹೆಚ್ಚು ದಾವೆ ಹೂಡಿತು. ಕೈಲಿದ್ದ ಮುಖ್ಯ ಸಾಕ್ಷ್ಯ ಮಾರಾಟದ ದಾಖಲೆ. 2001ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಪಾರ್ಸೆಲ್ ರವಾನೆ ಕೇಂದ್ರದ ಕಡತಗಳು ಕೋರ್ಟ್ ಆದೇಶದ ಮೇಲೆ ಜಪ್ತಿಯಾದಾಗ, ಯಾರು ಯಾವ ಸಾಧನ ತರಿಸಿಕೊಂಡರು ಎಂಬ ಪಟ್ಟಿ ಸಿಕ್ಕಿತ್ತು. ಮನೆ ಸೇರಿದ ಮೇಲೆ ಆ ಸಾಧನ ಏನು ಮಾಡಿತು ಎಂಬುದು ಪಟ್ಟಿಯಲ್ಲಿರಲಿಲ್ಲ. ಜಗಳವೆಲ್ಲ ಇದರ ಮೇಲೇ.

ಚಂದಾದಾರರ ರಿಸೀವರಿನಲ್ಲಿ ಕೂತ ಸ್ಮಾರ್ಟ್ ಕಾರ್ಡೇ ಚಾನೆಲ್‌ಗಳ ಬೀಗ ತೆಗೆಯುತ್ತಿತ್ತು; ಅದನ್ನು ತಿದ್ದಿದರೆ ಪುಕ್ಕಟೆ ನೋಡಬಹುದಿತ್ತು. ಪತ್ರದಲ್ಲಿ ಹೇಳುತ್ತಿದ್ದ ಸಾಧನಗಳಲ್ಲಿ ಎರಡು ಜಾತಿ. ಮೊದಲನೆಯದು ಕಾರ್ಡನ್ನು ಓದುವ, ಅದರಲ್ಲಿ ಬರೆಯುವ ಬರೀ ರೀಡರ್-ಪ್ರೋಗ್ರಾಮರ್. ಸ್ಮಾರ್ಟ್ ಕಾರ್ಡಿನ ಚಿನ್ನದ ಬಣ್ಣದ ಚೌಕದಲ್ಲಿ ಎಂಟು ತುಣುಕುಗಳಿವೆ. ನಿಜವಾಗಿ ದುಡಿಯುವವು ಐದು: ವಿದ್ಯುತ್, ರೀಸೆಟ್, ಕ್ಲಾಕ್, ಗ್ರೌಂಡ್, ಡೇಟಾ. ಇವನ್ನು ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಜೋಡಿಸಲು ಎರಡರ ವೋಲ್ಟೇಜ್ ಹೊಂದಿಸುವ ಒಂದು ಮ್ಯಾಕ್ಸ್232 ಚಿಪ್, 3.579545 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್, ಕಾರ್ಡ್ ಸಾಕೆಟ್, ನಾಲ್ಕಾರು ಚಿಲ್ಲರೆ ಬಿಡಿಭಾಗ ಸಾಕು. ಕ್ಲಾಕಿನ 372 ಬಡಿತಕ್ಕೆ ಒಂದು ಬಿಟ್ ಎಂಬುದು ಕಾರ್ಡಿನ ಲೆಕ್ಕ. ಭಾಗಿಸಿದರೆ ಸೆಕೆಂಡಿಗೆ ಸುಮಾರು 9,622 ಬಿಟ್, ಕಂಪ್ಯೂಟರಿನ 9,600ಕ್ಕೆ ತೀರಾ ಹತ್ತಿರ. ತಮಾಷೆಯೆಂದರೆ ಆ ಕ್ರಿಸ್ಟಲ್ ಅಗ್ಗವಾಗಿ ಸಿಗುತ್ತಿದ್ದುದೇ ಅಮೆರಿಕದ ಕಲರ್ ಟಿವಿಗಳಲ್ಲಿ ಬಣ್ಣದ ಸಂಕೇತ ಬಿಡಿಸಲು ಅದು ಬೇಕಿದ್ದರಿಂದ. ಸಿಮ್ ಕಾರ್ಡಿಗೂ ಕಚೇರಿಯ ಲಾಗಿನ್ ಕಾರ್ಡಿಗೂ ಇದೇ ಐಎಸ್‌ಒ 7816 ಮಾನದಂಡ. ಹೀಗಾಗಿ ಇಂಥ ರೀಡರ್ ಇಟ್ಟುಕೊಂಡವರ ಬಗ್ಗೆ ಅದರಿಂದಲೇ ಏನೂ ಹೇಳಲಾಗದು.

ಎರಡನೆಯದು ಅನ್‌ಲೂಪರ್. ಇದರ ಕತೆ ಬೇರೆ. ಕಳ್ಳ ಕಾರ್ಡುಗಳನ್ನು ಕೊಲ್ಲಲು ಕಂಪನಿ ಆಕಾಶದಿಂದಲೇ ಕಾರ್ಡಿಗೆ ಆದೇಶ ಕಳಿಸುತ್ತಿತ್ತು. ಅದನ್ನು ತಿಂದ ಕಾರ್ಡು ರೀಸೆಟ್ ಆದೊಡನೆ ಕೊನೆಯಿಲ್ಲದ ಒಂದು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ, ಗಾಣದ ಎತ್ತಿನ ಹಾಗೆ. ರೀಡರಿಗೆ ಉತ್ತರವೇ ಕೊಡುವುದಿಲ್ಲ. ಅನ್‌ಲೂಪರಿನೊಳಗಿನ ಪುಟ್ಟ ಮೈಕ್ರೋಕಂಟ್ರೋಲರ್ ರೀಸೆಟ್ ಆದ ಕ್ಷಣದಿಂದ ಕ್ಲಾಕಿನ ಬಡಿತಗಳನ್ನು ಎಣಿಸಿ, ಗೊತ್ತಾದ ಬಡಿತದಲ್ಲಿ ವೋಲ್ಟೇಜನ್ನು ಕ್ಷಣಮಾತ್ರ ಇಳಿಸುತ್ತದೆ ಅಥವಾ ಕ್ಲಾಕಿಗೆ ಒಂದು ಕುರುಚಲು ಮಿಡಿತ ತುರುಕುತ್ತದೆ. ಹೀಗೆ ಬೇಕೆಂದೇ ಎಡವಿಸುವುದಕ್ಕೆ ಗ್ಲಿಚ್ ಎನ್ನುತ್ತಾರೆ. ಕಾರ್ಡಿನ ಪ್ರೊಸೆಸರ್ ಎಡವಿ ಆ ಒಂದು ಸೂಚನೆಯನ್ನು ತಪ್ಪಾಗಿ ಓದಿದರೆ ಸುತ್ತಿನಿಂದ ಹೊರಗೆ. ಒಂದೇ ಸಲಕ್ಕೆ ಗುರಿ ತಾಗುವುದು ಅಪರೂಪ. ಸಮಯವನ್ನು ಕೂದಲೆಳೆಯಷ್ಟು ಹಿಂದೆಮುಂದೆ ಮಾಡುತ್ತ ಮತ್ತೆ ಮತ್ತೆ ಬಡಿಯಬೇಕು.

2001ರ ಜನವರಿ 21ರಂದು, ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಒಂದು ವಾರವಿರುವಾಗ, ಕಂಪನಿ ದೊಡ್ಡ ಏಟು ಕೊಟ್ಟಿತು. ತಿಂಗಳುಗಟ್ಟಲೆ ನಿರುಪದ್ರವಿಯಂತೆ ಕಾಣುವ ಚೂರುಚೂರು ಕೋಡನ್ನು ಕಾರ್ಡುಗಳಿಗೆ ಇಳಿಸುತ್ತ ಬಂದು, ಅಂದು ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿತು. ಒಮ್ಮೆ ಬರೆದರೆ ಅಳಿಸಲಾಗದ ಮೆಮೊರಿಯ ಮೊದಲ ಎಂಟು ಬೈಟ್‌ಗಳಲ್ಲಿ ‘ಗೇಮ್ ಓವರ್’ ಎಂಬುದರ ಎಂಟು ಇಂಗ್ಲಿಷ್ ಅಕ್ಷರಗಳು ಕೂತವು. ಎಂಜಿನಿಯರಿಂಗ್ ಕುಚೋದ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಳಿಸಲಾಗದ್ದರಿಂದ ಒಮ್ಮೆ ಗ್ಲಿಚ್ ಮಾಡಿ ಬಿಟ್ಟರೆ ಸಾಲದು, ಕಾರ್ಡು ಏಳುವಾಗಲೆಲ್ಲ ಮಾಡಬೇಕು. ‘ಬೂಟ್‌ಲೋಡರ್’ ಬೋರ್ಡುಗಳು ಬಂದದ್ದು ಅದಕ್ಕೇ.

ಕೋರ್ಟುಗಳು ತಡವಾಗಿಯಾದರೂ ಎಳೆ ಬಿಡಿಸಿದವು. 2004ರ ಜೂನ್‌ನಲ್ಲಿ 11ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಕದ್ದಾಲಿಕೆ ಕಾಯಿದೆಯಡಿ ಸಾಧನ ಇಟ್ಟುಕೊಂಡ ಮಾತ್ರಕ್ಕೆ ಖಾಸಗಿ ಕಂಪನಿ ಪರಿಹಾರ ಕೇಳುವಂತಿಲ್ಲ ಎಂದಿತು. ಇಟ್ಟುಕೊಳ್ಳುವುದು ಅಪರಾಧವಾದರೂ ಅದು ಸರ್ಕಾರದ ಪಾಡು. ಅದೇ ತಿಂಗಳು ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಮತ್ತು ಸ್ಟ್ಯಾನ್‌ಫರ್ಡಿನ ಕಾನೂನು ಕ್ಲಿನಿಕ್ ನಡೆಸಿದ ಮಾತುಕತೆಯಿಂದ, ಬರೀ ರೀಡರ್-ರೈಟರ್ ಕೊಂಡವರ ಬೆನ್ನು ಹತ್ತುವುದಿಲ್ಲವೆಂದು ಕಂಪನಿ ಒಪ್ಪಿತು. ಅನ್‌ಲೂಪರ್, ಬೂಟ್‌ಲೋಡರ್ ಕೊಂಡವರಿಗೆ ಆ ರಿಯಾಯಿತಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ನಿಜವಾಗಿ ಕದ್ದು ನೋಡಿದವನ ಮೇಲೆ ದಾವೆ ನಡೆಯುತ್ತದೆ ಎಂದು 2005ರಲ್ಲಿ 3ನೇ ಸರ್ಕ್ಯೂಟ್ ಸ್ಪಷ್ಟಪಡಿಸಿತು. ಆದರೆ ಖರೀದಿಯ ರಸೀದಿಯೊಂದೇ ಸಾಲದು. ಡಿಶ್, ರಿಸೀವರ್, ತಿದ್ದಿದ ಕಾರ್ಡು ಹೀಗೆ ಸಿಗ್ನಲ್ ಹಿಡಿಯಲು ಬೇಕಾದ ಸರಪಳಿಯ ಉಳಿದ ಕೊಂಡಿಗಳೂ ಸಾಕ್ಷ್ಯದಲ್ಲಿ ಕಾಣಬೇಕು.

ಅಷ್ಟರಲ್ಲಿ ಬಹಳ ಜನ ವಕೀಲರ ಫೀಜಿಗಿಂತ ರಾಜಿಯೇ ಅಗ್ಗವೆಂದು ಹಣ ಕಟ್ಟಿಯಾಗಿತ್ತು. ಈ ಪತ್ರಗಳೇ ಸುಲಿಗೆ ಎಂದು ಕೆಲವರು ಕಂಪನಿಯ ಮೇಲೆ ತಿರುಗಿ ದಾವೆ ಹೂಡಿದರು. ದಾವೆಗೆ ಮುನ್ನ ಪತ್ರ ಬರೆಯುವುದೂ ಕೋರ್ಟಿಗೆ ಮೊರೆಯಿಡುವ ಹಕ್ಕಿನ ನೆರಳಿನಲ್ಲೇ ಬರುತ್ತದೆ ಎಂದು 9ನೇ ಸರ್ಕ್ಯೂಟ್ 2006ರಲ್ಲಿ ಅವರ ವಾದವನ್ನು ತಳ್ಳಿಹಾಕಿತು.