ಹಳೇ ಮರದ ಪೆಟ್ಟಿಗೆಯ ಯುಕುಲೇಲೆ ಶ್ರುತಿಗೆ ನಿಲ್ಲುತ್ತದೆಯೇ?

ಪ್ರಶ್ನೆ: ಡ್ರೈ ಫ್ರೂಟ್ಸ್ ಬಂದಿದ್ದ ಮರದ ಪೆಟ್ಟಿಗೆಯೊಂದು ಮನೆಯಲ್ಲಿ ಖಾಲಿ ಬಿದ್ದಿದೆ. ಮಗಳಿಗೆ ಅದರಲ್ಲೇ ಯುಕುಲೇಲೆ (ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ಮಾಡಿಕೊಡುವ ಆಸೆ. ಅದು ನಿಜವಾಗಿ ನುಡಿಸುವ ವಾದ್ಯ ಆಗುತ್ತಾ, ಇಲ್ಲಾ ಶೋಕೇಸಿಗೇ ಸರಿಯಾ?

ಖಂಡಿತ ನುಡಿಸುವ ವಾದ್ಯವೇ ಆಗುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ಪೆಟ್ಟಿಗೆ ಕೊಡುವುದು ನಾದದ ಬಣ್ಣವನ್ನು, ಶ್ರುತಿ ಕಾಯುವುದು ದಂಡಿ (ತಂತಿಗಳು ಹಾಯುವ ಉದ್ದನೆಯ ಕತ್ತು) ಮತ್ತು ಅಳತೆ. ಬಹಳ ಮಂದಿ ಚೆಂದದ ಪೆಟ್ಟಿಗೆ ಹುಡುಕುವುದರಲ್ಲೇ ತಿಂಗಳು ಕಳೆದು, ದಂಡಿಗೆ ಮಾತ್ರ ಕೈಗೆ ಸಿಕ್ಕ ರೀಪರ್ ಹಾಕಿಬಿಡುತ್ತಾರೆ. ಕೆಡುವುದು ಅಲ್ಲೇ.

ಪೆಟ್ಟಿಗೆ ಪರೀಕ್ಷೆ ಸುಲಭ. ಬೆರಳ ಗೆಣ್ಣಿನಿಂದ ಮುಚ್ಚಳ ತಟ್ಟಿ. ಸದ್ದು ಒಂದು ಕ್ಷಣ ಉಳಿದರೆ ಒಳ್ಳೆಯದು, ‘ಟಪ್’ ಎಂದು ಸತ್ತರೆ ಮುಚ್ಚಳ ದಪ್ಪ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). 3 ಮಿ.ಮೀ. ಆಸುಪಾಸಿನ ಪ್ಲೈವುಡ್ ಮುಚ್ಚಳ ಸಾಕು. ಉದ್ದ 25 ಸೆಂ.ಮೀ. ಇದ್ದರೆ ‘ಕಾನ್ಸರ್ಟ್’ ಎಂಬ ನಡು ಅಳತೆಯ ಯುಕುಲೇಲೆಗೆ ಆಗುತ್ತದೆ. ಕೀಲು, ಚಿಲಕ ಎಲ್ಲ ಬಿಚ್ಚಿ ತೆಗೆಯಿರಿ; ಬಿಟ್ಟರೆ ತಂತಿ ಮೀಟಿದಾಗಲೆಲ್ಲ ಜರ್ ಎನ್ನುತ್ತವೆ.

ಈಗ ದಂಡಿ. ನಾಲ್ಕು ನೈಲಾನ್ ತಂತಿಗಳು ಸೇರಿ ಸುಮಾರು 15ರಿಂದ 20 ಕಿಲೋ ಎಳೆಯುತ್ತವೆ. ತೆಳು ಪೆಟ್ಟಿಗೆ ಆ ಎಳೆತಕ್ಕೆ ನಿಲ್ಲುವುದಿಲ್ಲ, ಹೊರಬೇಕಾದ್ದು ದಂಡಿಯೇ. ಅದಕ್ಕೆ ದಂಡಿಯನ್ನು ಪೆಟ್ಟಿಗೆಯ ಒಂದು ಬದಿಯಿಂದ ಹೊಗಿಸಿ ಇನ್ನೊಂದು ಬದಿಯವರೆಗೆ ಒಂದೇ ತುಂಡಾಗಿ ಹಾಯಿಸಿ, ತಂತಿಗಳ ಬಾಲವನ್ನು ಆ ತುದಿಗೇ ಕಟ್ಟಿ. ಸುಮಾರು 60 ಸೆಂ.ಮೀ. ಉದ್ದದ, ಎಳೆ ನೇರ ಇರುವ ತುಂಡು ಬೇಕು. ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಟಿಂಬರ್ ಯಾರ್ಡುಗಳಲ್ಲಿ, ಅಥವಾ ಮನೆ ಕಟ್ಟುತ್ತಿರುವ ಕಡೆ, ಬಾಗಿಲ ಚೌಕಟ್ಟಿನಿಂದ ಉಳಿದ ತೇಗದ ತುಂಡು ಕೇಳಿ ನೋಡಿ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಮರಳು ಕಾಗದದಿಂದ ಉಜ್ಜಿ, ಅಂಟಿಸಿದ ಮೇಲೆ ಒಂದು ಇಡೀ ದಿನ ಬಿಗಿಹಿಡಿದು ಬಿಡಿ. ಪೆಟ್ಟಿಗೆಯೊಳಗೆ ಹೋಗುವ ಭಾಗವನ್ನು ಮುಚ್ಚಳಕ್ಕೆ ತಾಗದಂತೆ 4 ಮಿ.ಮೀ.ಯಷ್ಟು ಕೆತ್ತಿ ಇಳಿಸುವುದನ್ನು ಮರೆಯಬೇಡಿ. ದಂಡಿ ತಾಗಿದರೆ ಮುಚ್ಚಳ ಕಂಪಿಸುವುದಿಲ್ಲ, ಸದ್ದು ಮಂಕಾಗುತ್ತದೆ. ದಂಡಿ ನಡುವೆ ಹಾಯುವುದರಿಂದ ನಾದದ ತೂತು ಮೂಲೆಯಲ್ಲಿರಲಿ. ಚಿಕ್ಕದಾಗಿ ಶುರುಮಾಡಿ, ಬೇಕಾದರೆ ಆಮೇಲೆ ದೊಡ್ಡದು ಮಾಡಬಹುದು.

ಮೆಟ್ಟಿಲುಗಳದ್ದೇ (ದಂಡಿಯ ಮೇಲೆ ಸ್ವರ ಹಿಡಿಯುವ ಅಡ್ಡಪಟ್ಟಿ, ಫ್ರೆಟ್) ಮುಖ್ಯ ಕೆಲಸ. ವೀಣೆಯಲ್ಲಿ ಮೆಟ್ಟಿಲು ಮೇಣದ ಮೇಲೆ ಕೂರುತ್ತದೆ, ತಪ್ಪಿದರೆ ಮೇಣ ಬಿಸಿ ಮಾಡಿ ಸರಿಸಬಹುದು. ಬಿಡುವಿದ್ದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರಕ್ಕೆ ಹೋಗಿ ಬನ್ನಿ. ಹಲಸಿನ ಮರ ವೀಣೆಯಾಗುವುದನ್ನು ಕಣ್ಣಾರೆ ಕಂಡರೆ ಕೈಗೆ ಧೈರ್ಯ ಬರುತ್ತದೆ. ಯುಕುಲೇಲೆಯಲ್ಲಿ ಆ ಅನುಕೂಲ ಇಲ್ಲ, ಗರಗಸದ ಗೀರು ಬಿದ್ದರೆ ಬಿದ್ದಂತೆಯೇ. ಹಾಗಾಗಿ ಲೆಕ್ಕ ಪಕ್ಕಾ ಇರಬೇಕು. ಮೇಲಿನ ಪಟ್ಟಿಯಿಂದ (ದಂಡಿಯ ತಲೆಯ ಕಡೆ ತಂತಿ ಕೂರುವ ಪಟ್ಟಿ) ಕುದುರೆಯವರೆಗಿನ (ಮುಚ್ಚಳದ ಮೇಲೆ ತಂತಿ ಹೊರುವ ಸಣ್ಣ ಆಸರೆ) ಉದ್ದವನ್ನು 380 ಮಿ.ಮೀ. ಎಂದಿಟ್ಟುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲು 21.3 ಮಿ.ಮೀ.ಗೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. ಎರಡನೆಯದು 41.5ಕ್ಕೆ, ಮೂರನೆಯದು 60.5ಕ್ಕೆ, ಐದನೆಯದು 95.3ಕ್ಕೆ, ಏಳನೆಯದು 126.4ಕ್ಕೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 190ಕ್ಕೆ. ಪ್ರತಿ ಗುರುತನ್ನೂ ಮೇಲಿನ ಪಟ್ಟಿಯಿಂದಲೇ ಅಳೆಯಿರಿ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಕೂದಲೆಳೆಯ ತಪ್ಪುಗಳೆಲ್ಲ ಕೂಡಿಕೊಂಡು, ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಕಿವಿಗೆ ಚುಚ್ಚುತ್ತವೆ. ಅಲ್ಲಿ ಮೆಟ್ಟಿಲುಗಳ ನಡುವಿನ ಅಂತರವೇ ಸುಮಾರು 11 ಮಿ.ಮೀ.; ಒಂದು ಮಿ.ಮೀ. ತಪ್ಪಿದರೂ ಸ್ವರ ಎದ್ದು ಕಾಣುವಷ್ಟು ಸರಿಯುತ್ತದೆ. ಬಿರಡೆ, ಮೆಟ್ಟಿಲು ತಂತಿ, ನೈಲಾನ್ ಸೆಟ್‌ಗೆ ಬಳೇಪೇಟೆಯ ವಾದ್ಯದಂಗಡಿಗಳಿವೆ. ಸಣ್ಣ ಹಲ್ಲಿನ ಗರಗಸ, ಅರ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತವೆ. ಗಿಟಾರಿನ ಸ್ಟೀಲ್ ತಂತಿ ಮಾತ್ರ ಬೇಡವೇ ಬೇಡ, ಅದರ ಎಳೆತ ಈ ಪೆಟ್ಟಿಗೆಗೆ ತಡೆಯದು.

ಕುದುರೆಯನ್ನು ಅಂಟಿಸಬೇಡಿ. ತಂತಿಯ ಬಿಗಿತವೇ ಅದನ್ನು ಹಿಡಿದುಕೊಳ್ಳುತ್ತದೆ. ಹನ್ನೆರಡನೇ ಮೆಟ್ಟಿಲಿನ ನೇರಕ್ಕೆ ಬೆರಳು ಹಗುರಾಗಿ ತಾಗಿಸಿ ಮೀಟಿ, ಆಮೇಲೆ ಒತ್ತಿ ಹಿಡಿದು ಮೀಟಿ. ಎರಡೂ ಒಂದೇ ಸ್ವರ ಬರಬೇಕು. ಒತ್ತಿದ್ದು ಏರಿದರೆ ಕುದುರೆಯನ್ನು ಬಾಲದ ಕಡೆ ಸರಿಸಿ, ಇಳಿದರೆ ದಂಡಿಯ ಕಡೆ. ಫೋನಿನ ಟ್ಯೂನರ್ ಆಪ್ ಸಾಕು. ಅಂಟಿಸದೆ ಬಿಟ್ಟರೆ ಇನ್ನೊಂದು ಲಾಭ: ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಒಣಗಿ ಮುಚ್ಚಳ ಏರಿಳಿದರೂ ನೀವೇ ಸರಿಮಾಡಿಕೊಳ್ಳಬಹುದು.

ಬಡಗಿ ಕೆಲಸ ಬಂದರೆ ಸಾಕೇ ಎಂಬ ಅನುಮಾನ ಬೇಡ. ಈ ವಾದ್ಯ ಹುಟ್ಟಿದ್ದೇ ಹಾಗೆ. 1879ರಲ್ಲಿ ಪೋರ್ಚುಗಲ್‌ನ ಮಡೇರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಹಡಗಿನಲ್ಲಿ ಹವಾಯಿಗೆ ಬಂದಿಳಿದ ಮಾನುಯೆಲ್ ನೂನೆಸ್ ಮತ್ತು ಅವರ ಇಬ್ಬರು ಜೊತೆಗಾರರು ಮರಗೆಲಸದವರು. ಅವರ ಊರಿನ ಪುಟ್ಟ ತಂತಿವಾದ್ಯವೇ ಅಲ್ಲಿ ಯುಕುಲೇಲೆಯಾಯಿತು.

ಶ್ರುತಿ ಜಿ, ಸಿ, ಇ, ಎ. ಸಿಯನ್ನು ಷಡ್ಜ ಮಾಡಿಕೊಂಡರೆ ಖಾಲಿ ತಂತಿಗಳು ಪ, ಸ, ಗ, ದ. ಮೋಹನ ರಾಗದ ಸ್ವರಗಳಲ್ಲಿ ರಿಷಭ ಒಂದೇ ಬಾಕಿ. ಅದು ಸಿ ತಂತಿಯ ಎರಡನೇ ಮೆಟ್ಟಿಲಲ್ಲಿದೆ. ಮಗಳು ಸಂಗೀತ ಪಾಠಕ್ಕೆ ಹೋಗುತ್ತಿದ್ದರೆ ಅಲ್ಲಿಂದಲೇ ಶುರುಮಾಡಲಿ. ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತದೆ. ಅದು ನಿಮ್ಮ ಕೆಲಸದ ದೋಷವಲ್ಲ. ನುಡಿಸುವ ಮುಂಚೆ ಬಿರಡೆ ತಿರುಗಿಸಿ ಸರಿಮಾಡಿಕೊಳ್ಳಿ, ವಾರದೊಳಗೆ ತಾನೇ ನಿಲ್ಲುತ್ತದೆ.